ದೇವರ ಸಾಣೆ, ದೆವ್ವದ ಸಾಣೆ

ಇವತ್ತು ಬೆಳಿಗ್ಗೆ ಗಂಧ ತೇಯುತ್ತಿದ್ದಾಗ ಸಾಣೆಕಲ್ಲಿನಿಂದ ಮಷಿನ್ ಎಣ್ಣೆಯ ವಾಸನೆ ಬಂತು. ಯಜಮಾನರನ್ನು ಕರೆದು ಮೂಸಿ ನೋಡಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಂದು ಮೂಸಿದರು. ಮೂಸುವುದಕ್ಕೆ ಕನ್ನಡಕ ಯಾಕೆ ಎಂದು ನೀವು ಕೇಳಬೇಡಿ; ಮದುವೆಯಾದಾಗಿನಿಂದ ಇಂಥವನ್ನು ಕೇಳಿ ಕೇಳಿ ನನಗೇ ಸಾಕಾಗಿದೆ. “ನೀ ಹೇಳಿದ ಮ್ಯಾಲ ಬಂದಿರತೈತಿ ಬಿಡು,” ಎಂದು ಮತ್ತೆ ಪೇಪರಿಗೆ ಹೋದರು. ಅವರು ಹೀಗೆಯೇ. ಉಪ್ಪು ಹಾಕಲು ಮರೆತ ಉಪ್ಪಿಟ್ಟನ್ನೂ ಭಾಳ ಛಲೋ ಆಗಿದೆ ಎಂದು ತಿಂದೇಳುವವರು. ಸಿಕಂದರಾಬಾದಿನ ಆಫೀಸಿನಲ್ಲಿ ಗುಮಾಸ್ತರಾಗಿ ಅಷ್ಟು ವರ್ಷ ಕೂತರೂ ಯಾರಿಗೂ ‘ಆಗುವುದಿಲ್ಲ’ ಎಂದವರಲ್ಲವಂತೆ. ಅವರ ಮೂಗನ್ನು ನಂಬುವ ಹಾಗಿಲ್ಲ. ನನಗಂತೂ ಬಂತು. ಒದ್ದೆ ಕಲ್ಲಿನ ಮೇಲೆ ಕೊರಡು ಸುತ್ತುವಾಗ, ಗಂಧದ ಅಡಿಯಲ್ಲಿ ಎಲ್ಲೋ, ಸಣ್ಣಗೆ.

ಅದು ಇವತ್ತೇ ಯಾಕೆ ಬಂತು ಎನ್ನುವುದು ನನಗೆ ಗೊತ್ತು. ಹೋದ ತಿಂಗಳು ಸೋರೆಕಾಯಿ ಹೆಚ್ಚುತ್ತಿದ್ದಾಗ ಹೋಳುಗಳು ಕೆಂಪಾದದ್ದು ಕಂಡಿತೇ ಹೊರತು ಬೆರಳು ಕೊಯ್ದುಕೊಂಡದ್ದು ತಿಳಿಯಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋದೆವು. ಕಣ್ಣು ಮುಚ್ಚಿಸಿ, ಬೆರಳ ತುದಿಗಳನ್ನು ಒಮ್ಮೆ ಹತ್ತಿಯಿಂದ, ಒಮ್ಮೆ ಮೊನಚು ಕಡ್ಡಿಯಿಂದ ಮುಟ್ಟಿ, ಯಾವುದು ಯಾವುದು ಹೇಳಿ ಎಂದು ಪರೀಕ್ಷೆ ಮಾಡಿದರು. ನಾನು ಫೇಲಾದೆ. ಸಕ್ಕರೆ ಕಾಯಿಲೆ ಹಳೆಯದಾಗಿ ಎರಡೂ ಕೈಯ ಬೆರಳ ನರಗಳು ಮಂಕಾಗಿವೆಯಂತೆ. ಪಥ್ಯ ಮಾಡಿದರೆ ಇನ್ನಷ್ಟು ಹೋಗದಂತೆ ತಡೆಯಬಹುದು, ಹೋದದ್ದು ಮರಳಿ ಬರುವುದು ಕಷ್ಟ. “ಬಿಸಿ ಪಾತ್ರೆ ಮುಟ್ಟುವಾಗ ಹುಷಾರಮ್ಮಾ” ಎಂದರು.

ಬಿಸಿ ಪಾತ್ರೆಯ ಚಿಂತೆ ಯಾರಿಗೆ? ನನಗೆ ಚಿಂತೆ ಹತ್ತಿದ್ದು ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡನ್ನು ನೆನೆದು. ಅಲ್ಲೊಂದು ಲೇತ್ ಇದೆ. ಕಬ್ಬಿಣದ ಸರಳನ್ನು ಗರಗರ ತಿರುಗಿಸುತ್ತ, ಅದಕ್ಕೆ ಒಂದು ಹರಿತವಾದ ಟೂಲ್ ಒಡ್ಡಿ, ಬೇಕಾದ ಅಳತೆಗೆ ಹೆರೆಯುವ ಯಂತ್ರ. ಅದನ್ನು ನಡೆಸುವವಳು ನಾನು. ಟೂಲಿಗೆ ಸಾಣೆ ಹಿಡಿಯುವವಳೂ ನಾನೇ. ಸಾಣೆ ಸರಿಯಾಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ಮಾತ್ರ ಹೆಬ್ಬೆರಳು, ಆ ಹೆಬ್ಬೆರಳೇ ಈಗ ನನ್ನೊಡನೆ ಮಾತು ಬಿಟ್ಟಿತ್ತು. ಆಸ್ಪತ್ರೆಯಿಂದ ಬಂದವಳೇ ಲೇತಿನ ಮೇಲೆ ಹಳೆಯ ಜಮಖಾನ ಹೊದಿಸಿದೆ. ಹಿಟ್ಟಿನ ಗಿರಣಿಯ ಯಾದಮ್ಮ ತನ್ನ ಮಷಿನ್ನಿನ ಅಚ್ಚಿಗೆ ತೊಡಿಸುವ ಸವೆದ ಬುಷ್ ಕೊಟ್ಟು, ಅಂಥದ್ದೇ ಹೊಸದು ಮಾಡಿಕೊಡು ಎಂದು ಹೇಳಿ ಹೋಗಿದ್ದಳು. ದಿನಾ ಗೇಟಿನ ಹತ್ತಿರ ನಿಂತು “ಅಕ್ಕಾ, ಅಯ್ಯಿಂದಾ?” ಎಂದು, ಆಯಿತೇ ಎಂದು, ತೆಲುಗಿನಲ್ಲಿ ಕೇಳುತ್ತಾಳೆ. ನಾನು ದಿನಾ ಒಂದು ಹೊಸ ನೆಪ ಹೇಳುತ್ತೇನೆ.

ಇನ್ನು ಸಾಣೆಕಲ್ಲಿಗೆ ಮಷಿನ್ ಎಣ್ಣೆ ಹತ್ತಿದ ಕಥೆ. ಅದಕ್ಕೂ ನಾನೇ ಕಾರಣ.

ನಾನು ಗದಗಿನ ಕಡೆಯವಳು. ನನ್ನ ತವರಿನಲ್ಲಿ ಸಾಣೆ ಎಂದರೆ ದೇವರ ಮುಂದಿನ ಗಂಧದ ಕಲ್ಲು. ಬೇರೆ ಸಾಣೆ ಎಂಬುದು ಇದೆಯೆಂದೇ ಗೊತ್ತಿರಲಿಲ್ಲ. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತು. ಮಾವನವರು ಬಾಗಲಕೋಟೆಯ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು ಲೇತ್ ಕಲಿತು, ಇದೇ ಶೆಡ್ಡಿನಲ್ಲಿ ಸ್ವಂತ ಮಷಿನ್ ಇಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ಶೆಡ್ಡಿನಿಂದ ಕೂಗಿದರು: “ಯವ್ವಾ, ಆ ಸಾಣಿಕಲ್ಲ ತಗೊಂಬಾರವಾ!” ಹೊಸ ಸೊಸೆ, ಮಾವ ಕರೆದದ್ದೇ ಹೆಚ್ಚು. ಸೆರಗು ಸರಿಮಾಡಿಕೊಂಡು ದೇವರ ಮನೆಗೆ ಓಡಿ, ಗಂಧದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಭಕ್ತಿಯಿಂದ ಅವರ ಪಕ್ಕದಲ್ಲಿಟ್ಟೆ. ಲೇತಿನ ಮುಂದೆಯೂ ಏನೋ ಪೂಜೆ ಇರಬೇಕು ಎಂದುಕೊಂಡೆ. ಅವರು ತಿರುಗಿ ನೋಡದೆ ಕಲ್ಲಿನ ಮೇಲೆ ಎಣ್ಣೆ ಸುರಿದು ಟೂಲ್ ತಿಕ್ಕಲು ಶುರುಮಾಡಿದರು. ತಿಕ್ಕುತ್ತ ತಿಕ್ಕುತ್ತ ಅವರ ಮೂಗು ಅರಳಿತು.

“ಏನಿದು? ಟೂಲ್ ಗುಡಿಗೆ ಹೋಗಿಬಂದಂಗ ನಾರಾಕತ್ತೈತಿ!”

ಅವರು ನಕ್ಕ ನಗು ಅಡುಗೆಮನೆಗೆ ಕೇಳಿಸಿ ಅತ್ತೆ ಹೊರಗೆ ಬಂದರು. ಬಂದವರು ನಗಲಿಲ್ಲ. ಆ ಕಲ್ಲು ಅವರ ತವರಿನದು, ಅವರ ಅಜ್ಜಿ ಗಂಧ ತೇದ ಕಲ್ಲು. ಅದರ ಮೇಲೀಗ ಕರಿ ಎಣ್ಣೆ, ನಡುವೆ ಒಂದು ಗೀರು. ಅತ್ತೆ ಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು, ಸೀಗೆಪುಡಿ ಹಾಕಿ ತಿಕ್ಕಿದರು, ಬಿಸಿಲಿಗಿಟ್ಟರು, ಮಧ್ಯೆ ಮಧ್ಯೆ ನನ್ನನ್ನೂ ಮಾವನನ್ನೂ ಸೇರಿಸಿ ತಿಕ್ಕಿದರು. ಅಂದಿನಿಂದ ಮನೆಯಲ್ಲಿ ಎರಡು ಹೆಸರು ಚಾಲ್ತಿಗೆ ಬಂದವು. ಪೂಜೆಯದು ‘ದೇವರ ಸಾಣಿ’. ಶೆಡ್ಡಿನ ಎಣ್ಣೆಕಲ್ಲು ‘ದೆವ್ವದ ಸಾಣಿ’. “ಸೊಸಿಗೆ ಇನ್ನೊಮ್ಮೆ ತಪ್ಪಬಾರದು,” ಎಂಬುದು ಅತ್ತೆಯ ವಿವರಣೆ. ಅಕ್ಕಪಕ್ಕದ ಮನೆಗಳ ತೆಲುಗಿನವರು ಕೂಡ ಮಾವನನ್ನು ಕಂಡರೆ ‘ದೆಯ್ಯಂ ಸಾನ’ ಎಂದು ನಗುತ್ತಿದ್ದರು.

ಅತ್ತೆಗೆ ಶೆಡ್ಡು ಕಂಡರೆ ಆಗುತ್ತಿರಲಿಲ್ಲ ಎಂದರೆ ಕಡಿಮೆ ಹೇಳಿದಂತೆ. ಲೇತಿನಿಂದ ಹಾರುವ ಉಕ್ಕಿನ ಚೂರುಗಳು ಮಾವನ ಚಪ್ಪಲಿಗೆ ಅಂಟಿ ಒಳಗೆ ಬಂದು ಬರಿಗಾಲಿನ ಅತ್ತೆಗೆ ಚುಚ್ಚುತ್ತಿದ್ದವು. ಒಮ್ಮೆ ರೊಟ್ಟಿಯ ಹಿಟ್ಟಿನಲ್ಲಿ ಒಂದು ಸಿಕ್ಕಿ ಮನೆಯಲ್ಲಿ ಮಹಾಯುದ್ಧ ಆಯಿತು. ಅತ್ತೆ ಶೆಡ್ಡಿನ ಹೊಸ್ತಿಲು ದಾಟುತ್ತಿರಲಿಲ್ಲ, ಮಾವ ಎಣ್ಣೆಯ ಕೈಯಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಚಹಾ ಮಾತ್ರ ಎರಡು ಹೊಸ್ತಿಲ ನಡುವೆ ಓಡಾಡುತ್ತಿತ್ತು. ಅದನ್ನು ಒಯ್ಯುವವಳು ನಾನು. ಚಹಾ ಕೊಟ್ಟು ಸುಮ್ಮನೆ ಬರುವ ಹೆಣ್ಣಲ್ಲ ನಾನು. ನಿಂತು ನೋಡುತ್ತಿದ್ದೆ.

ನೋಡಲಿಕ್ಕೆ ಭಾಳ ಚಂದ. ಮೊದಲು ಟೂಲನ್ನು ತಿರುಗುವ ಚಕ್ರಕ್ಕೆ ಕೊಟ್ಟು ಆಕಾರಕ್ಕೆ ತರುತ್ತಿದ್ದರು. ಕಿಡಿ ಹಾರುತ್ತಿತ್ತು. ಕೈಗೆ ಬಿಸಿ ತಟ್ಟಿದೊಡನೆ ಪಕ್ಕದ ಡಬ್ಬಿಯ ನೀರಿನಲ್ಲಿ ಅದ್ದುವುದು, ಮತ್ತೆ ಚಕ್ರಕ್ಕೆ ಒಡ್ಡುವುದು. ಅಂಚಿನ ಕೆಳಗಿನ ಭಾಗ ಸ್ವಲ್ಪ ಒಳಕ್ಕೆ ಸರಿದಿರಬೇಕು. ಇಲ್ಲದಿದ್ದರೆ ಟೂಲ್ ಹೆರೆಯುವ ಬದಲು ಬರೀ ಉಜ್ಜುತ್ತದೆ. ತುದಿಗೆ ‘ಮೂಗು’ ಎನ್ನುತ್ತಿದ್ದರು. “ಮೂಗು ಭಾಳ ಚೂಪಾದ್ರ ಮುರೀತೈತಿ, ಭಾಳ ಮೊಂಡಾದ್ರ ಕೆಲಸದಾಗ ನಡಗತೈತಿ. ನಿಮ್ಮತ್ತಿ ಮೂಗು ನೋಡು, ಅಷ್ಟಿರಬೇಕು,” ಎಂದು ಮೆಲ್ಲಗೆ ಹೇಳುತ್ತಿದ್ದರು. ಅತ್ತೆಗೆ ಕೇಳಿಸುವಷ್ಟು ಮೆಲ್ಲಗೆ.

ಚಕ್ರದ ಕೆಲಸ ಕಣ್ಣಿನದು. ಆಮೇಲೆ ಎಣ್ಣೆಕಲ್ಲಿನ ಕೆಲಸ, ಅದು ಕೈಯದು. ಕಲ್ಲಿನ ಮೇಲೆ ಎಣ್ಣೆ ಹಾಕಿ, ಟೂಲಿನ ಅಂಚನ್ನು ಸಮನಾಗಿ ಕೂಡಿಸಿ, ಅಲುಗದಂತೆ ನವಿರಾಗಿ ತಿಕ್ಕಬೇಕು. ಚಕ್ರ ಬಿಟ್ಟ ಗೀರುಗಳು ಹೋಗಬೇಕು, ಅಂಚಿಗೆ ಅಂಟಿಕೊಂಡ ತೆಳ್ಳನೆಯ ಮುಳ್ಳು ಹೋಗಬೇಕು. ಹೋಯಿತೋ ಇಲ್ಲವೋ ಎಂದು ತಿಳಿಯಲು ಟೂಲನ್ನು ಭಾರ ಹಾಕದೆ ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಇಡುತ್ತಿದ್ದರು. ಹರಿತವಾಗಿದ್ದರೆ ಅಂಚು ಉಗುರನ್ನು ಹಿಡಿದು ನಿಲ್ಲುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಆ ಹಿಡಿತ ಕಣ್ಣಿಗೆ ಕಾಣುವಂಥದ್ದಲ್ಲ, ಉಗುರಿನ ಅಡಿಯ ಮಾಂಸಕ್ಕೆ ಗೊತ್ತಾಗುವಂಥದ್ದು. “ಹಿಡೀತು” ಎಂದರೆ ಲೇತ್ ಶುರು. “ಜಾರ್ತು” ಎಂದರೆ ಮತ್ತೆ ಕಲ್ಲಿಗೆ. ಮಾವನ ಎಡಗೈ ಹೆಬ್ಬೆರಳಿನ ಉಗುರು ತುಂಬ ಸಣ್ಣ ಸಣ್ಣ ಬಿಳಿ ಗೀರುಗಳಿದ್ದವು.

ಹೀಗಿರಲಾಗಿ ಒಂದು ದಿನ ಪಕ್ಕದ ಗಲ್ಲಿಯ ಖಾಜಾ ಮಿಯಾ ಬಂದರು. ನೀರಿನ ಪಂಪು ರಿಪೇರಿ ಮಾಡುವವರು. ಪಂಪಿನೊಳಗೆ ತಿರುಗುವ ಶಾಫ್ಟುಗಳನ್ನೆಲ್ಲ ಮಾವನ ಹತ್ತಿರವೇ ಮಾಡಿಸುತ್ತಿದ್ದರು. ಹಿಂದಿನ ದಿನ ಒಯ್ದ ಶಾಫ್ಟನ್ನು ಮುಂದೆ ಹಿಡಿದು, “ಕ್ಯಾ ಉಸ್ತಾದ್, ಶಾಫ್ಟ್ ಬೋಲಾ ಥಾ ಮೈ, ಆರೀ ನೈ!” ಎಂದು ನಕ್ಕರು. ಶಾಫ್ಟ್ ಕೇಳಿದ್ದೆ, ಗರಗಸವಲ್ಲ, ಎಂದು. ಶಾಫ್ಟಿನ ಮೈ ನಿಜಕ್ಕೂ ತರಿತರಿಯಾಗಿತ್ತು. ಮಾವ ಕಬ್ಬಿಣ ಸರಿಯಿಲ್ಲ ಎಂದರು. ಮರುದಿನ ಬೆಲ್ಟ್ ಸರಿಯಿಲ್ಲ ಎಂದರು. ಅದರ ಮರುದಿನ ಏನೂ ಹೇಳದೆ ಟೂಲನ್ನು ಉಗುರಿನ ಮೇಲಿಟ್ಟು, ತೆಗೆದು, ಮತ್ತೆ ಇಟ್ಟು, ಬಹಳ ಹೊತ್ತು ಕೂತಿದ್ದರು. ನಾನು ಚಹಾ ಇಟ್ಟು ನಿಂತೆ.

“ಯವ್ವಾ, ಇದು ನನ್ನ ಬೆರಳಲ್ಲ ಅನಸಾಕತ್ತೈತಿ,” ಎಂದರು.

ಅವರಿಗೂ ಸಕ್ಕರೆ ಕಾಯಿಲೆಯೇ. ನಮ್ಮ ಮನೆಯಲ್ಲಿ ಚಹಾಕ್ಕೆ ಹಾಕುತ್ತಿದ್ದ ಸಕ್ಕರೆ ನೆನೆದರೆ ಅದೇನೂ ಆಶ್ಚರ್ಯವಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ, “ನನ್ನ ಉಗುರಿನ ಮ್ಯಾಲ ನೋಡ್ರಿ ಮಾವಾರ” ಎಂದು ಕೈ ಮುಂದೆ ಮಾಡಿದೆ. ಅವರು ಹಾವು ಕಂಡವರಂತೆ ಹಿಂದೆ ಸರಿದರು. “ಸೊಸಿ ಕೈ ಹಿಡಿಯೂದೇನವಾ? ಹುಚ್ಚಿ!” ಆ ಕಾಲದವರು, ಸೊಸೆಯ ಕೈಗೆ ಚಹಾದ ಬಸಿಯನ್ನೂ ನೇರ ಕೊಡದೆ ಕೆಳಗಿಟ್ಟೇ ಕೊಡುತ್ತಿದ್ದವರು. ಅಂದು ಸಂಜೆ ಲೇತಿನ ಮೇಲೆ ಗೋಣಿತಾಟು ಹೊದಿಸಿ, ಖಾಜಾ ಮಿಯಾಗೆ ಬೇರೆ ಕಡೆ ಮಾಡಿಸಿಕೋ ಎಂದು ಹೇಳಿ ಕಳಿಸಿದರು. ಮಷಿನ್ ಯಾರಾದರೂ ಒಯ್ಯುವವರಿದ್ದರೆ ನೋಡು ಎಂದು ಮಗನಿಗೆ ಹೇಳಿದರು. ಮಗ, ಅಂದರೆ ನನ್ನ ಯಜಮಾನರು, ಆಯಿತು ಎಂದರು. ಅವರು ಯಾರಿಗೂ ಆಗುವುದಿಲ್ಲ ಎನ್ನುವವರಲ್ಲ ಎಂದು ಹೇಳಿದೆನಲ್ಲ.

ಲೇತಿನ ಸದ್ದು ನಿಂತ ಮನೆ ನನಗೆ ಹಿಡಿಸಲಿಲ್ಲ. ಅತ್ತೆಗೆ ಖುಷಿಯಾಗಬೇಕಿತ್ತು, ಕಾಲಿಗೆ ಚುಚ್ಚುವ ಚೂರಿಲ್ಲ, ಬಟ್ಟೆಗೆ ಎಣ್ಣೆಯಿಲ್ಲ. ಆದರೆ ಅವರು ಪೂಜೆಯ ನಡುವೆ ಹಿತ್ತಲ ಕಡೆಗೆ ಕಿವಿಗೊಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಾವ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಮುಂದಿನ ಕಟ್ಟೆಯ ಮೇಲೆ ಕೂತು ಫ್ಯಾಕ್ಟರಿಯ ಬಸ್ಸುಗಳನ್ನು ನೋಡುತ್ತಿದ್ದರು. ಅಷ್ಟು ಸ್ವಚ್ಛವಾಗಿದ್ದ ಮಾವನನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಗಂಧ ತೇಯುತ್ತಿದ್ದವರು ಅರ್ಧಕ್ಕೇ ಎದ್ದರು. ಹಿತ್ತಲಿಗೆ ನಡೆದರು. “ಇಲ್ಲಿ ಬರ್ರಿ” ಎಂದು ಮಾವನನ್ನು ಕರೆದರು. ಶೆಡ್ಡಿನ ಹೊಸ್ತಿಲ ಈಚೆಗೇ ನಿಂತು, ಗಂಧ ಮೆತ್ತಿದ ಕೈಯನ್ನು ಹೊಸ್ತಿಲ ಆಚೆಗೆ ಚಾಚಿದರು.

“ಹಚ್ರಿ ಇದಕ್ಕ.”

“ನಿನ್ನ ಉಗುರು ಗೀರತೈತಿ.”

“ಇಷ್ಟ ವರ್ಷ ನನ್ನ ಜೀವಾ ಗೀರೀರಿ. ಉಗುರೇನ್ ದೊಡ್ಡದು? ಹಚ್ರಿ!”

ನನ್ನ ಕೈಯಲ್ಲಿ ಕೊತ್ತಂಬರಿ ಕಟ್ಟಿತ್ತು, ಹಾಗೇ ನಿಂತೆ. ಮಾವ ಗೋಣಿತಾಟು ತೆಗೆದು, ದೆವ್ವದ ಸಾಣೆಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡು, ಟೂಲ್ ತಿಕ್ಕಿದರು. ಅತ್ತೆಯ ಹೆಬ್ಬೆರಳನ್ನು ಹಿಡಿದು ಉಗುರಿನ ಮೇಲೆ ಟೂಲ್ ಇಟ್ಟು, ಅವರ ಮುಖವನ್ನೇ ನೋಡಿದರು. ಮಕ್ಕಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ. “ಹಿಡೀತು!” ಎಂದರು ಅತ್ತೆ, ತಡಮಾಡದೆ.

ಲೇತ್ ಶುರುವಾಯಿತು. ಖಾಜಾ ಮಿಯಾಗೆ ಹೇಳಿ ಕಳಿಸಿದೆವು. ಅವರು ಕೂಡಲೇ ಬಂದು ಹೊಸ ಶಾಫ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳಾಡಿಸಿ, ಕೆಳಗಿಟ್ಟರು. ಈ ಸಲ ತಮಾಷೆ ಮಾಡಲಿಲ್ಲ. ಬಾಯಿ ತುಂಬ ಮಾತಾಡುವ ಮನುಷ್ಯ ಚಹಾ ಚೆನ್ನಾಗಿದೆ ಎಂದಷ್ಟೇ ಹೇಳಿ ಹೊರಟಾಗ, ಟೂಲ್ ಹಿಡಿದೇ ಇರಲಿಲ್ಲ ಎಂದು ಮಾವನಿಗೆ ತಿಳಿಯಿತು. ನಮಗೂ ತಿಳಿಯಿತು.

ಮಾವ ಬೈಯಲಿಲ್ಲ. “ಯಾಕ ಹಂಗಂದಿ?” ಎಂದಷ್ಟೇ ಕೇಳಿದರು.

ಅತ್ತೆಯ ಕಣ್ಣಲ್ಲಿ ನೀರು ಬಂತು, ಜೊತೆಗೇ ಸಿಟ್ಟೂ ಬಂತು. “ಸಣ್ಣ ಹುಡುಗನಂಗ ನನ್ನ ಮಾರಿ ನೋಡಾಕತ್ತಿದ್ರಿ. ಜಾರ್ತು ಅಂತ ಹೆಂಗ ಅನ್ನಲಿ?”

“ನೀ ನನ್ನ ಮಾರಿಗೆ ಹೇಳಬ್ಯಾಡ. ಉಗುರಿಗೆ ಏನಾಕ್ಕೈತಿ, ಅದನ್ನ ಹೇಳು.”

ಆಮೇಲೆ ಅತ್ತೆ ಮತ್ತೆ ಕೈ ಚಾಚಿದರು. ಆದರೆ ಈ ಸಲ ಮುಖವನ್ನು ಪೂರಾ ಆಚೆ ತಿರುಗಿಸಿ, ಅಂಗಳದ ತುಳಸಿ ಕಡೆ ನೋಡುತ್ತ ನಿಂತರು. ಮಾವ ಟೂಲ್ ಇಟ್ಟರು. “ಜಾರತೈತಿ” ಎಂದರು ಅತ್ತೆ, ತುಳಸಿಗೆ. ಮಾವ ತಿಕ್ಕಿದರು. “ಜಾರತೈತ್ರಿ.” ಮತ್ತೆ ತಿಕ್ಕಿದರು. “ಇನ್ನೂ ಜಾರತೈತಿ, ಏನ್ ತಿಕ್ಕಾಕತ್ತೀರಿ ಮುಂಜಾನಿಂದ?” ಒಂದೊಂದು ಸಲ ‘ಜಾರತೈತಿ’ ಎಂದಾಗಲೂ ಮಾವನ ಮುಖ ಬೆಳಗುತ್ತ ಹೋದದ್ದು ನನಗೆ ಮಾತ್ರ ಕಾಣುತ್ತಿತ್ತು. ಕೊನೆಗೆ ಅತ್ತೆ ಕೈ ಎಳೆದುಕೊಳ್ಳಲು ನೋಡಿದರು, ಬರಲಿಲ್ಲ. ತಿರುಗದೆಯೇ, ಮೆತ್ತಗೆ, “ಹಿಡೀತ್ರಿ” ಎಂದರು.

ಆ ದಿನ ಟೂಲಿನಿಂದ ಉಕ್ಕು ಎಲ್ಲಿಯೂ ತುಂಡಾಗದೆ ಉದ್ದಕ್ಕೆ ಸುರುಳಿಯಾಗಿ ಬಂತು. ಶಾಫ್ಟಿನಲ್ಲಿ ನನ್ನ ಮುಖ ಸೊಟ್ಟಗೆ ಕಾಣುತ್ತಿತ್ತು; ಅಷ್ಟು ನುಣುಪು. ಮಾವ ಆ ಸುರುಳಿಯನ್ನು ಎತ್ತಿ ಅತ್ತೆಗೆ ಮಾಲೆಯಂತೆ ತೋರಿಸಿದರು. “ಅಡಗಿಮನಿ ಕಡೆ ತಂದ್ರ ನೋಡ್ರಿ ಮತ್ತ!” ಎಂದು ಅತ್ತೆ ಒಳಗೆ ಹೋಗಿ ಅರ್ಧಕ್ಕೆ ಬಿಟ್ಟ ಗಂಧ ತೇದರು. ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ. ಕಂಡರೂ ಈರುಳ್ಳಿ ಎನ್ನುತ್ತಿದ್ದೆ, ಕೈಯಲ್ಲಿದ್ದದ್ದು ಕೊತ್ತಂಬರಿಯಾದರೂ.

ಆಮೇಲೆ ಅದು ಮನೆಯ ಪದ್ಧತಿಯೇ ಆಯಿತು. ಪೂಜೆ ಮುಗಿಸಿದ ಕೈ ನೇರ ಹೊಸ್ತಿಲಿಗೆ ಬರುತ್ತಿತ್ತು. ಅರಿಶಿನದ ಉಗುರಿನ ಮೇಲೆ ಬಿಳಿ ಗೀರು. ಊರಿನಲ್ಲಿ ಮದುವೆಗೆ ಹೋದಾಗ ಬೀಗತಿಯೊಬ್ಬಳು ಏನಿದು ಎಂದು ಕೇಳಿದರೆ ಅತ್ತೆ, “ಮನ್ಯಾಗೊಂದು ಮುದಿ ಬೆಕ್ಕೈತಿ, ಪರಚತೈತಿ” ಎಂದರು. ಮುದಿ ಬೆಕ್ಕು ಅಲ್ಲೇ ಕೂತು ಬುಂದಿ ಲಾಡು ತಿನ್ನುತ್ತಿತ್ತು. ಕಣ್ಣೂ ಮಂಜಾದ ಮೇಲೆ ಮಾವ ಚಕ್ರದ ಕೆಲಸವನ್ನು ನನಗೆ ಕಲಿಸಿದರು, ದೂರದಲ್ಲಿ ನಿಂತು, ನೆಲದ ಮೇಲೆ ಸೀಮೆಸುಣ್ಣದಿಂದ ಮೂಗು ಬರೆದು ತೋರಿಸಿ. ಹಾಗೆ ನಾನು ಲೇತಿನವಳಾದೆ. ಅವರಿಬ್ಬರೂ ಈಗಿಲ್ಲ. ಈಗ ಟೂಲಿಗೆ ರೆಡಿಮೇಡ್ ತುದಿಗಳು ಬಂದಿವೆ. ಸ್ಕ್ರೂ ಹಾಕಿ ಕೂಡಿಸುವುದು, ಸವೆದರೆ ಎಸೆಯುವುದು. ನಾನೂ ಇಟ್ಟುಕೊಂಡಿದ್ದೇನೆ. ಆದರೆ ಯಾದಮ್ಮನ ಗಿರಣಿಯಂಥ ಹಳೆಯ ಮಷಿನ್ನುಗಳ ವಿಚಿತ್ರ ಆಕಾರಗಳಿಗೆ ಅಂಗಡಿಯಲ್ಲಿ ತುದಿ ಸಿಗುವುದಿಲ್ಲ, ಕೈಯಿಂದಲೇ ಸಾಣೆ ಹಿಡಿಯಬೇಕು.

ಇಷ್ಟೆಲ್ಲ ನೆನೆಯುವ ಹೊತ್ತಿಗೆ ಗಂಧ ಒಂದು ಮದುವೆಗೆ ಸಾಲುವಷ್ಟಾಗಿತ್ತು. ಕಲ್ಲು ತೊಳೆದಾಗ ನಡುವಿನ ಹಳೆಯ ಗೀರಿನಲ್ಲಿ ನೀರು ನಿಂತಿತು. ಅತ್ತೆ ಅಷ್ಟು ತಿಕ್ಕಿದರೂ ಹೋಗಿರದ ಗೀರು. ಒಂದು ತಿಂಗಳಿಂದ ಹೆಬ್ಬೆರಳಿನ ಮೇಲೆ ಮುನಿಸಿಕೊಂಡು ಕೂತಿದ್ದ ನನ್ನ ಬಗ್ಗೆ ನನಗೇ ನಗು ಬಂತು. ಉತ್ತರ ಈ ಮನೆಯಲ್ಲೇ ಇತ್ತು. ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿತ್ತು.

ಹಿತ್ತಲಿಗೆ ಹೋಗಿ ಜಮಖಾನ ತೆಗೆದೆ. ಚಕ್ರ ಹಚ್ಚಿ ಟೂಲನ್ನು ಯಾದಮ್ಮನ ಬುಷ್ಷಿನ ಆಕಾರಕ್ಕೆ ತಂದೆ. ಬಿಸಿ ನನ್ನ ಕೈಗೆ ತಿಳಿಯದೆಂದು ಮತ್ತೆ ಮತ್ತೆ ನೀರಿಗೆ ಅದ್ದಿದೆ. ಎಣ್ಣೆಕಲ್ಲಿನ ಮೇಲೆ ತಿಕ್ಕಿದೆ. ಆಮೇಲೆ ಕೂಗಿದೆ: “ಏನ್ರಿ, ಇಲ್ಲಿ ಬರ್ರಿ!”

ಮಷಿನ್ ಸದ್ದಿಗೆ ಹೆದರಿ ಜನ್ಮದಲ್ಲಿ ಶೆಡ್ಡಿಗೆ ಕಾಲಿಡದವರು ಹೊಸ್ತಿಲಿಗೆ ಬಂದು ನಿಂತರು. ಕೈ ಕೊಡಿ ಎಂದೆ. ಕೊಟ್ಟರು. ಆಫೀಸಿನ ನುಣುಪು ಉಗುರು, ಒಂದು ಗೀರಿಲ್ಲ. ಅವರಮ್ಮನ ಕೈಯನ್ನು ಅವರೂ ವರ್ಷಗಟ್ಟಲೆ ನೋಡಿದವರಲ್ಲವೇ, ಏನೆಂದು ಹೇಳಬೇಕಾಗಲಿಲ್ಲ. ಟೂಲ್ ಇನ್ನೂ ಉಗುರಿಗೆ ತಾಕಿತ್ತೋ ಇಲ್ಲವೋ, ನನ್ನ ಮುಖ ನೋಡಿ ಅಕ್ಕರೆಯಿಂದ, “ಹಿಡೀತು ನೋಡು, ಭಾಳ ಛಲೋ ಹಿಡೀತು!” ಎಂದರು.

“ಇದು ಉಪ್ಪಿಟ್ಟಲ್ರಿ,” ಎಂದೆ. “ನನ್ನ ಮಾರಿ ನೋಡಬ್ಯಾಡ್ರಿ. ಅತ್ತಾಗ ತುಳಸಿ ಕಡೆ ತಿರುಗ್ರಿ.”

ಅವರು ತಿರುಗಿದರು. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿದರು. ನಾನು ಮತ್ತೆ ಟೂಲ್ ಇಟ್ಟೆ. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಒಳಗೆ ಎಷ್ಟು ಒದ್ದಾಡುತ್ತಿದ್ದಾರೆ ಎಂದು ಅವರ ಬೆನ್ನು ನೋಡಿಯೇ ನನಗೆ ಗೊತ್ತಾಯಿತು.

“ಸಿಟ್ಟ ಮಾಡ್ಕೋಬ್ಯಾಡ,” ಎಂದರು ಕೊನೆಗೆ, ತುಳಸಿಯನ್ನೇ ನೋಡುತ್ತ. “ಜಾರಾಕತ್ತೈತಿ.”

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಬಾಯಿಂದ ಇಂಥ ಒಳ್ಳೆಯ ಮಾತು ನಾನು ಕೇಳಿರಲಿಲ್ಲ. “ಕೈ ಹಂಗ ಇಡ್ರಿ, ಬಂದೆ,” ಎಂದು ಕಲ್ಲಿಗೆ ಇನ್ನಷ್ಟು ಎಣ್ಣೆ ಹಾಕಿದೆ.